ದಾರದುಂಡೆಯ ಮೇಷ್ಟ್ರು

ಮೇಷ್ಟ್ರು ತಮ್ಮ ಕೆಲಸದಲ್ಲಿ ಮಾಡಿದ ತಪ್ಪು ಒಂದೇ ಒಂದು, ಅದನ್ನೂ ಅವರೇ ಎಲ್ಲರೆದುರು ಒಪ್ಪಿಕೊಂಡಿದ್ದರು ಎಂದು ಸಂತಾಪ ಸಭೆಯಲ್ಲಿ ಒಬ್ಬರು ಹೇಳಿದರು. ಹೇಳಿದವರು ತರೀಕೆರೆಯ ಕಡೆಯ ಅಕ್ಕಿ ಗಿರಣಿಯೊಂದರ ಮಾಲೀಕರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಒಂದು ನಾರಿನ ಮಿಲ್ಲಿನಲ್ಲಿ ವಯಸ್ಸಾದ ಫಿಟ್ಟರೊಬ್ಬರ ಓಡಾಟ ದಂಡ ಅಂತ ಮೇಷ್ಟ್ರು ಅದನ್ನ ನಿಲ್ಲಿಸಿಬಿಟ್ಟರು. ಅದರಿಂದ ಒಬ್ಬ ಕೆಲಸಗಾರನ ಬೆರಳು ಹೋಯಿತು. ಅಂಥವರಿಗೂ ಒಂದು ಸಲ ಲೆಕ್ಕ ತಪ್ಪಿತು ನೋಡಿ."

ಕಡೂರಿನ ಆ ಸಣ್ಣ ಹಾಲಿನಲ್ಲಿ ಇದ್ದ ಮೂವತ್ತು ನಲವತ್ತು ಜನ ತಲೆಯಾಡಿಸಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ನನ್ನ ಸರದಿ ಬಂದಾಗ ಎದ್ದು ಅವರ ಸಮಯಪಾಲನೆಯ ಬಗ್ಗೆ ನಾಲ್ಕು ಮಾತಾಡಿ ಕೂತೆ.

ಆ ಓಡಾಟವನ್ನು ನಿಲ್ಲಿಸಿದವನು ನಾನು. ನಿಲ್ಲಿಸಿದಾಗ ಮೇಷ್ಟ್ರಿಗೆ ಅದು ಗೊತ್ತೇ ಇರಲಿಲ್ಲ. ಅವರು ಇದ್ದಾಗ ಒಂದು ಸಲ, ಹೋದ ಮೇಲೆ ಒಂದು ಸಲ, ಅವರ ಹೆಸರಿಗೆ ಅಂಟಿದ ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದೇನೆ. ಈ ಬರಹ ಅದಕ್ಕಾಗಿ. ಆದರೆ ಮೊದಲು ಅವರು ಹೇಗಿದ್ದರು ಎಂದು ಹೇಳಬೇಕು. ಅದನ್ನು ಬಿಟ್ಟು ಹೇಳಿದರೆ ಇದು ಬರೀ ನನ್ನ ಕಥೆಯಾಗುತ್ತದೆ.

ಅವರು ಚೌಳಹಿರಿಯೂರಿನ ಕಡೆಯ ಬೇಸಾಯದ ಮನೆಯವರು. ಡಿಪ್ಲೊಮಾ ಓದಿ, ದೂರದ ಒಂದು ದೊಡ್ಡ ಕಾರ್ಖಾನೆಯಲ್ಲಿ ಹತ್ತು ವರ್ಷ ಇದ್ದು, ಎಪ್ಪತ್ತರ ದಶಕದ ಕೊನೆಗೆ ಕಡೂರಿಗೆ ಬಂದು ಹುಡುಗರಿಗೆ ಯಂತ್ರಗಳ ಪಾಠ ಹೇಳುತ್ತಿದ್ದರು. ಅದು ಹೊಟ್ಟೆಪಾಡು. ಅವರ ಜೀವ ಇದ್ದದ್ದು ಬೇರೆ ತರಗತಿಯಲ್ಲಿ. ವಾರದಲ್ಲಿ ಒಂದು ಸಂಜೆ ಕಡೂರು, ಶನಿವಾರ ತರೀಕೆರೆ, ಭಾನುವಾರ ಅಜ್ಜಂಪುರ. ಅಲ್ಲಿ ಮಿಲ್ಲುಗಳಲ್ಲಿ ಕೆಲಸ ಮಾಡುವವರನ್ನೂ ನನ್ನಂಥ ಸೂಪರ್‌ವೈಸರುಗಳನ್ನೂ ಕೂರಿಸಿಕೊಂಡು, ಮಾಡುವ ಕೆಲಸವನ್ನೇ ಇನ್ನೂ ಚೆನ್ನಾಗಿ, ದಣಿವಿಲ್ಲದೆ ಮಾಡುವುದು ಹೇಗೆ ಎಂದು ಕಲಿಸುತ್ತಿದ್ದರು. ಕರಿಹಲಗೆ ಇರುತ್ತಿರಲಿಲ್ಲ. ಎಲ್ಲವೂ ಆಟ. ಹಾಗಾಗಿ ಜನ ಅವರನ್ನು ಆಟದ ಮೇಷ್ಟ್ರು ಎಂದು ಕರೆದರು. ಅಜ್ಜಂಪುರದಲ್ಲಿ ಮೊದಲ ವಾರ ಇಬ್ಬರು ಚಡ್ಡಿ ಹಾಕಿಕೊಂಡು, ಕಬಡ್ಡಿ ಎಂದುಕೊಂಡು ಬಂದಿದ್ದರಂತೆ. ಮೇಷ್ಟ್ರು ಅವರನ್ನೂ ಹಾಗೇ ಕೂರಿಸಿಕೊಂಡರು.

ಅವರ ಕೈಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಸುಣ್ಣದ ಡಬ್ಬಿ, ಅಡಿಕೆ ಚೂರು, ಲವಂಗ, ಕರವಸ್ತ್ರದಲ್ಲಿ ಕಟ್ಟಿದ ಸ್ಟಾಪ್‌ವಾಚು ಮತ್ತು ಒಂದು ದೊಡ್ಡ ದಾರದ ಉಂಡೆ ಇರುತ್ತಿದ್ದವು. ಟ್ರೈನಿನಲ್ಲಿ ಎದುರು ಕೂತವರು, "ಯಾರ ಮನೆ ಶಾಸ್ತ್ರ ಸ್ವಾಮಿ?" ಎಂದು ಕೇಳುತ್ತಿದ್ದರು.

ಎಲೆಯ ಆಟ ಹೀಗೆ. ಐದು ಜನ ಬೆಂಚಿನ ಮೇಲೆ ಸಾಲಾಗಿ ಕೂರಬೇಕು. ಮೊದಲನೆಯವನು ಎಲೆ ಒರೆಸಿ ತೊಟ್ಟು ಮುರಿಯುವವನು, ಎರಡನೆಯವನು ಸುಣ್ಣ ಹಚ್ಚುವವನು, ಆಮೇಲೆ ಅಡಿಕೆ ಇಡುವವನು, ಮಡಿಸುವವನು, ಲವಂಗ ಚುಚ್ಚುವವನು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬನೂ ಇಪ್ಪತ್ತು ಎಲೆಯ ಕೆಲಸ ಮುಗಿಸಿ, ಅಷ್ಟನ್ನೂ ಒಟ್ಟಿಗೆ ಮುಂದಿನವನಿಗೆ ದಾಟಿಸಬೇಕು. ಗಿರಾಕಿ ಕೊನೆಯಲ್ಲಿ ಬಾಯಿ ಬಿಟ್ಟುಕೊಂಡು ಕಾಯಬೇಕು. ಎರಡನೆಯ ಸುತ್ತಿನಲ್ಲಿ ಒಂದೊಂದೇ ಎಲೆ ಕೈಯಿಂದ ಕೈಗೆ. ಸುಣ್ಣದವನು ಪ್ರತಿ ಸಲ ಒಂದಿಷ್ಟು ಹೆಚ್ಚೇ ಹಚ್ಚುತ್ತಿದ್ದ. ಬೇಕೆಂದೇ ಹಚ್ಚುವವರೂ ಇದ್ದರು, ಯಾಕೆಂದರೆ ಗಿರಾಕಿ ಯಾವಾಗಲೂ ಮೇಷ್ಟ್ರೇ.

"ಹಾ!" ಎಂದು ನಾಲಿಗೆ ಹೊರಗೆ ಹಾಕಿ ಅವರು ಹೇಳುತ್ತಿದ್ದರು. "ಮೊದಲ್ನೇ ಸುತ್ತಲ್ಲಿ ನನ್ ನಾಲಿಗೆ ಸುಡೋ ಹೊತ್ಗೆ ಇಪ್ಪತ್ತು ಎಲೆಗೂ ಸುಣ್ಣ ಬಿದ್ದಾಗಿತ್ತು. ಈಗ ಎಷ್ಟಕ್ಕೆ ಗೊತ್ತಾಯ್ತು?"

"ಒಂದಕ್ಕೇ ಸಾರ್."

"ಅಷ್ಟೇ ಪಾಠ. ಉಳಿದಿದ್ದು ನೀವೇ ತಿನ್ನಿ."

ಇನ್ಯಾರಾದರೂ ಗಿರಾಕಿ ಆಗುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. "ಪಾಠ ನಂದು, ಸುಡೋದೂ ನಂದೇ ಇರ್ಲಿ" ಎನ್ನುತ್ತಿದ್ದರು. ಭಾನುವಾರ ರಾತ್ರಿ ಅವರಿಗೆ ಮೊಸರನ್ನ ಬಿಟ್ಟು ಬೇರೆ ಇಳಿಯುವುದಿಲ್ಲ ಎಂದು ಅವರ ಮನೆಯವರು ನನ್ನ ಹತ್ತಿರ ದೂರಿದ್ದರು. "ಊರೋರ ಮಿಲ್ಲಿನ ಹೆಜ್ಜೆಯೆಲ್ಲ ಎಣಿಸ್ತಾರೆ ಕಣಪ್ಪ. ಇವ್ರ ಚಪ್ಪಲಿ ಎಲ್ಲಿ ಬಿಟ್ರು ಅಂತ ಮಾತ್ರ ನಾನು ಹುಡುಕ್ಬೇಕು."

ದಾರದ ಆಟ ಒಬ್ಬನೇ ಆಡುವುದು. ದಾರದ ತುದಿಯನ್ನು ಕೆಲಸಗಾರನ ಸೊಂಟಕ್ಕೆ ಕಟ್ಟಿ, ಉಂಡೆಯನ್ನು ಮೇಷ್ಟ್ರು ಹಿಡಿದು ಕೂರುತ್ತಿದ್ದರು. ಅವನು ಎಂದಿನಂತೆ ಓಡಾಡಿ ಕೆಲಸ ಮಾಡಬೇಕು. ಸ್ವಲ್ಪ ಹೊತ್ತಿಗೆ ಕೋಣೆಯ ತುಂಬ ದಾರ. ಅದನ್ನು ಸುತ್ತಿಕೊಂಡು ಅಳೆದು, "ಲೇ, ನಿಂತ ಜಾಗದಲ್ಲೇ ಸ್ಟೇಷನ್ನಿಗೆ ಹೋಗಿ ಬಂದ್ಬಿಟ್ಟೆಯಲ್ಲೋ" ಎಂದು ನಗುತ್ತಿದ್ದರು. ಆಮೇಲೆ ಬುಟ್ಟಿಯನ್ನೋ ಮೇಜನ್ನೋ ಸರಿಸಿ ಮತ್ತೆ ಆಡಿಸುವುದು. ದಾರ ಕಡಿಮೆಯಾದರೆ ಕಾಲುನೋವು ಕಡಿಮೆ.

'ತಪ್ಪು' ಎಂಬ ಪದವನ್ನು ಅವರು ತರಗತಿಯಲ್ಲಿ ಬಳಸಿದ್ದು ನಾನು ಕೇಳಿಲ್ಲ. "ಇನ್ನೊಂದ್ಸಲ" ಎನ್ನುತ್ತಿದ್ದರು. ತಮ್ಮದನ್ನು ಹೇಳುವಾಗ ಮಾತ್ರ ತಪ್ಪು ಎಂದೇ ಹೇಳುತ್ತಿದ್ದರು. ತರೀಕೆರೆಯಲ್ಲಿ ನೆಂಟರ ಮದುವೆಯೊಂದಕ್ಕೆ ಹೋಗಿ, ಎರಡು ಪಂಕ್ತಿ ಬಡಿಸುವವರ ಓಡಾಟ ನೋಡಿ ತಡೆಯಲಾರದೆ, ಮೂರನೆಯ ಪಂಕ್ತಿಗೆ ಬಡಿಸುವ ಸಾಲನ್ನೇ ಬದಲಾಯಿಸಿಬಿಟ್ಟರಂತೆ. ಸಾರಿನವನು ಅನ್ನದವನಿಗಿಂತ ಮೊದಲು ಬಂದ. ಪಾಯಸದವನೂ ಹಪ್ಪಳದವನೂ ಡಿಕ್ಕಿ ಹೊಡೆದರು. ಹೆಣ್ಣಿನ ತಂದೆ ಕೈಮುಗಿದು, "ಮೇಷ್ಟ್ರೇ, ನೀವು ಊಟ ಮಾಡಿ ಸಾಕು" ಎಂದರು. ಇದನ್ನು ನಮಗೆ ಹೇಳಿ ಅವರು ಕೊನೆಗೆ ಸೇರಿಸಿದ ಮಾತು: "ನಾನು ಮಾಡಿದ ತಪ್ಪು ಒಂದೇ. ಬಡಿಸೋರು ಯಾಕೆ ಹಂಗೆ ಓಡಾಡ್ತಾರೆ ಅಂತ ಬಡಿಸೋರನ್ನೇ ಕೇಳ್ಲಿಲ್ಲ."

ಆ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕೊನೆಯ ಮಾತು ನಗುವಿನಲ್ಲಿ ಹೋಯಿತು.

ನಾನು ಆಗ ಬಿ.ಎಸ್ಸಿ. ಮುಗಿಸಿ, ಕಡೂರಿನಿಂದ ಮೂರು ಮೈಲಿ ಆಚೆಯ ನಾರಿನ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿ ಸೇರಿ ಎರಡು ವರ್ಷ ಆಗಿತ್ತು. ತೆಂಗಿನಕಾಯಿ ಸುಲಿದ ಮಟ್ಟೆಯನ್ನು ನೆನೆಹಾಕಿ, ಕಬ್ಬಿಣದ ಹಲ್ಲುಗಳಿರುವ ದೊಡ್ಡ ಡ್ರಮ್ಮಿಗೆ ಕೊಟ್ಟರೆ ಅದು ಹೊಡೆದು ನಾರು ಬಿಡಿಸುತ್ತದೆ. ಒಂದೇ ಮೋಟಾರು, ಅದರಿಂದ ಉದ್ದಕ್ಕೆ ಒಂದು ಶಾಫ್ಟು, ಶಾಫ್ಟಿನಿಂದ ಬೆಲ್ಟುಗಳು. ಮೋಟಾರಿನ ಸ್ಟಾರ್ಟರು ಮೂಲೆಯ ಕೋಣೆಯಲ್ಲಿ. ಅಲ್ಲಿ ನಿಂತವನಿಗೆ ಡ್ರಮ್ಮು ಕಾಣುವುದಿಲ್ಲ.

ಕರೆಂಟು ದಿನಕ್ಕೆ ಮೂರು ನಾಲ್ಕು ಸಲ ಹೋಗುತ್ತಿತ್ತು. ಹೋದಾಗ ಕೆಲವರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು, ಕೆಲವರು ಅಲ್ಲೇ ಒರಗುತ್ತಿದ್ದರು. ಶಾಫ್ಟಿಗೆ ಸುತ್ತಿಕೊಂಡ ನಾರನ್ನು ಕುಡುಗೋಲಿನಿಂದ ಕೊಯ್ದು ತೆಗೆಯಲೂ ಅದೇ ಸಮಯ. ಕರೆಂಟು ಬಂದ ಮೇಲೆ ಮಿಲ್ಲಿನ ಹಳೆಯ ಫಿಟ್ಟರು ಒಂದು ಸುತ್ತು ಬರುತ್ತಿದ್ದರು. ಕಡೂರಿನ ಸಾಬರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಒಂದು ಕಾಲು ಎಳೆದು ನಡೆಯುತ್ತಿದ್ದರು. ಒಬ್ಬೊಬ್ಬರ ಹತ್ತಿರವೂ ಹೋಗಿ, ಹೆಗಲು ಮುಟ್ಟಿ, "ದೇಖಾ" ಎನ್ನುತ್ತಿದ್ದರು. ನೋಡಿದೆ ಎಂದರ್ಥ. ಅಂಗಳದಲ್ಲಿದ್ದವರನ್ನೂ ಹುಡುಕಿಕೊಂಡು ಹೋಗಿ ಮುಟ್ಟುತ್ತಿದ್ದರು. ಎಲ್ಲರನ್ನೂ ಮುಟ್ಟಿ ಬಂದು ನನ್ನ ಹೆಗಲನ್ನೂ ಮುಟ್ಟಿದ ಮೇಲೇ ನಾನು ಸ್ಟಾರ್ಟರಿನ ಹಿಡಿಗೆ ಕೈ ಹಾಕಬೇಕು. ಇದು ನಾನು ಬರುವ ಮೊದಲಿನಿಂದ ಇದ್ದ ಪದ್ಧತಿ.

ನಾನು ಒಂದು ದಿನ ಚಾಚಾರ ಸೊಂಟಕ್ಕೆ ದಾರ ಕಟ್ಟಿದೆ. ಅವರು ನಕ್ಕು ಕಟ್ಟಿಸಿಕೊಂಡರು. ಸುತ್ತು ಮುಗಿಯಲು ಏಳು ನಿಮಿಷ. ದಿನಕ್ಕೆ ನಾಲ್ಕು ಸಲ. ಆ ಮಿಲ್ಲಿನಲ್ಲಿ ಅಷ್ಟು ಉದ್ದದ ದಾರ ಇನ್ನಾರಿಗೂ ಬೇಕಾಗಿರಲಿಲ್ಲ. ಮಾರನೆಯ ವಾರದಿಂದ ಸುತ್ತು ಬೇಡ ಎಂದೆ. ಕರೆಂಟು ಬಂದಾಗ ನಾನು ಕೋಣೆಯ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತೇನೆ, ಎಲ್ಲರೂ ಇದ್ದಲ್ಲಿಂದಲೇ "ಇದ್ದೀನಿ" ಎನ್ನಬೇಕು, ಉತ್ತರ ಕೊಡದವರ ಹೆಸರು ಹಲಗೆಯ ಮೇಲೆ ಬರುತ್ತದೆ ಎಂದು ಗೊತ್ತುಮಾಡಿದೆ. ಅರ್ಧ ನಿಮಿಷದ ಕೆಲಸ. ಚಾಚಾರಿಗೆ ಹೊರಗಿನ ಚಪ್ಪರದಲ್ಲಿ ಹರಿದ ಬೆಲ್ಟು ಹೊಲಿಯುವ ಕೆಲಸ ಕೊಟ್ಟೆ. ಅವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ತರಗತಿಯಲ್ಲಿ ಮೇಷ್ಟ್ರಿಗೆ ಹೇಳಿದೆ. "ಸಾರ್, ದಿನಕ್ಕೆ ಅರ್ಧ ಗಂಟೆ ಉಳಿಸಿದೀನಿ."

"ಯಾವುದ್ರಲ್ಲಪ್ಪಾ?"

"ಹೇಳಲ್ಲ ಸಾರ್. ಬಂದು ನೋಡಿ."

ಅವರು ಒಂದು ಬೆಳಿಗ್ಗೆ ಬಂದರು. ಬರಿಗೈಯಲ್ಲಿ ಕೂರುವ ಅಭ್ಯಾಸ ಅವರಿಗಿರಲಿಲ್ಲ. ಕರೆಂಟು ಹೋಗುವವರೆಗೂ ಕಾಯಬೇಕಲ್ಲ ಎಂದು ರುದ್ರಪ್ಪನ ಸೊಂಟಕ್ಕೆ ದಾರ ಕಟ್ಟಿ, ನಾರಿನ ಮೂಟೆಯ ಮೇಲೆ ಕೂತು ಉಂಡೆ ಬಿಡುತ್ತಿದ್ದರು. ರುದ್ರಪ್ಪ ಡ್ರಮ್ಮಿಗೆ ಮಟ್ಟೆ ಕೊಡುವವನು. ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವನು. ಅವನ ಅಕ್ಕನ ಗಂಡ ಮಂಜಣ್ಣನೂ ಅಲ್ಲೇ ಕೆಲಸಕ್ಕಿದ್ದ.

ಕರೆಂಟು ಹೋಯಿತು. ಮೇಷ್ಟ್ರು ಅಲ್ಲಿಯವರೆಗಿನ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಅವರ ಬೆನ್ನು ಡ್ರಮ್ಮಿನ ಕಡೆಗಿತ್ತು. ರುದ್ರಪ್ಪ ದಾರವನ್ನು ಬಿಚ್ಚದೆ ಡ್ರಮ್ಮಿನ ಪಕ್ಕದ ಸಂದಿಗೆ ಹೋಗಿ, ಮಲಗಿ, ಎಡಗೈ ಒಳಗೆ ಹಾಕಿ ಶಾಫ್ಟಿನ ನಾರು ಕೊಯ್ಯುತ್ತಿದ್ದ. ಆ ಸಂದಿಯೊಳಗೆ ಹೊರಗಿನ ಕೂಗು ಸರಿಯಾಗಿ ಕೇಳಿಸುತ್ತಿರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಕರೆಂಟು ಬಂತು. ನಾನು ಬಾಗಿಲಲ್ಲಿ ನಿಂತು ಹೆಸರು ಕೂಗಿದೆ. ಮೇಷ್ಟ್ರು ನೋಡುತ್ತಿದ್ದಾರೆ ಎಂದು ದನಿ ಸ್ವಲ್ಪ ಎತ್ತರಿಸಿಯೇ ಕೂಗಿದೆ. "ಇದ್ದೀನಿ", "ಇದ್ದೀನಿ ಸಾಮಿ" ಎಂದು ಒಂದೊಂದೇ ಬಂತು. ರುದ್ರಪ್ಪನ ಹೆಸರಿಗೆ ಒಂದು ಕ್ಷಣ ಉತ್ತರವಿಲ್ಲ. ಆಮೇಲೆ ಅಂಗಳದ ಬಾಗಿಲಿನ ಕಡೆಯಿಂದ, ಮೂಗಿನಲ್ಲಿ ಎಳೆದ ಒಂದು ತೆಳು ದನಿ: "ಇದ್ದೀನೀ..."

ಒಂದಿಬ್ಬರು ನಕ್ಕರು. ನಾನೂ ನಕ್ಕೆ.

ಅದು ಮಂಜಣ್ಣನ ದನಿ. ಭಾಮೈದ ಬೀಡಿಗೆ ಹೋಗಿದ್ದಾನೆ, ಹೆಸರು ಹಲಗೆಗೆ ಬರುವುದು ಬೇಡ ಎಂದು ಅವನು ಕೂಗಿದ್ದ. ಅದು ರುದ್ರಪ್ಪನ ದನಿಯಲ್ಲ ಎಂದು ನನಗೆ ಗೊತ್ತಾಗಿತ್ತು. ಕಾಲೇಜಿನಲ್ಲಿ ನನ್ನ ಗೆಳೆಯರಿಗಾಗಿ ನಾನು ಹಾಜರಿ ಕೂಗುತ್ತಿದ್ದದ್ದು ಹಾಗೆಯೇ, ಮೂಗಿನಲ್ಲಿ ಎಳೆದು. ಅದಕ್ಕೇ ನಗು ಬಂದದ್ದು. ಗೊತ್ತಾಗಿಯೂ ಒಳಗೆ ತಿರುಗಿ ಹಿಡಿ ಒತ್ತಿದೆ. ಇದನ್ನು ನಾನು ಮೇಷ್ಟ್ರಿಗೂ ಹೇಳಲಿಲ್ಲ.

ಆ ಸ್ಟಾರ್ಟರಿನ ಹಿಡಿಯನ್ನು ಮೊದಲು ಒಂದು ಕಡೆಗೆ ಒತ್ತಿ ಹಿಡಿದಿರಬೇಕು. ಮೋಟಾರು ವೇಗ ಹಿಡಿದ ಮೇಲೆ ಇನ್ನೊಂದು ಕಡೆಗೆ ದೂಡಬೇಕು. ನಡುವೆ ಕೈಬಿಟ್ಟರೆ ನಿಂತುಹೋಗುತ್ತದೆ. ನಾನು ಒತ್ತಿ ಹಿಡಿದಿದ್ದೆ. ಬೆಲ್ಟು ಕಿರುಗುಟ್ಟಿತು.

"ಬಿಡೋ! ಕೈ ಬಿಡೋ!"

ಮೇಷ್ಟ್ರು ನನ್ನನ್ನು ಹಾಗೆ ಗದರಿ ಕರೆದದ್ದು ಅದೊಂದೇ ಸಲ. ಕೈ ಬಿಟ್ಟೆ. ಡ್ರಮ್ಮು ಒಂದೂವರೆ ಸುತ್ತು ಬಂದು ನಿಂತಿತು. ಆಮೇಲೆ ಕೇಳಿದ ಕೂಗು ರುದ್ರಪ್ಪನದೇ. ಅದರಲ್ಲಿ ಸಂಶಯವಿರಲಿಲ್ಲ.

ಎಡಗೈಯ ಎರಡು ಬೆರಳು ಹೋದವು. ಇನ್ನೊಂದು ಸುತ್ತು ಬಂದಿದ್ದರೆ ಏನು ಹೋಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಚಾಚಾ ಓಡಿ ಬಂದರು. ಆ ಕಾಲಿನಲ್ಲಿ ಅವರು ಓಡಿದ್ದು ನಾನು ನೋಡಿದ್ದು ಅವತ್ತೇ. ತಮ್ಮ ತಲೆಯ ವಸ್ತ್ರ ಬಿಚ್ಚಿ ಕೈಗೆ ಬಿಗಿದರು, ಲಾರಿಗೆ ಹತ್ತಿಸಿದರು. ನಾನು ಕೋಣೆಯ ಬಾಗಿಲಲ್ಲಿ ನಿಂತೇ ಇದ್ದೆ.

ಸಂಜೆ ಆಸ್ಪತ್ರೆಯ ಜಗಲಿಯ ಮೇಲೆ ಕೂತಾಗ ಮೇಷ್ಟ್ರು ಹೇಳಿದರು. "ದನಿ ಅಂಗಳದ ಕಡೆಯಿಂದ ಬಂತು. ದಾರ ನೋಡಿದ್ರೆ ಡ್ರಮ್ಮಿನ ಕಡೆಗೆ ಹೋಗಿತ್ತು. ಅಷ್ಟೇ." ಸ್ವಲ್ಪ ಹೊತ್ತಿನ ಮೇಲೆ, "ದಾರ ಉಳಿಸ್ತು ಅಂತ ಯಾರ ಹತ್ರನೂ ಹೇಳ್ಬೇಡ. ಇವತ್ತು ದಾರ ಇತ್ತು. ದಿನಾ ಇರುತ್ತಾ?" ಎಂದರು.

ಆಗ ನಾನು ಸುತ್ತು ನಿಲ್ಲಿಸಿದ್ದನ್ನು ಹೇಳಿದೆ. ಮಾರನೆಯ ದಿನ ಅವರು ನನ್ನನ್ನೂ ಕರೆದುಕೊಂಡು ಚಪ್ಪರಕ್ಕೆ ಹೋಗಿ, ಚಾಚಾರ ಎದುರು ನೆಲದ ಮೇಲೆ ಕೂತರು.

"ಚಾಚಾ, ನೀವು ಎಲ್ಲಾರ್ನೂ ಯಾಕೆ ಮುಟ್ತಿದ್ರಿ? ಕೂಗಿದ್ರೆ ಸಾಲ್ದಾ?"

ಚಾಚಾ ಸೂಜಿ ನಿಲ್ಲಿಸಲಿಲ್ಲ. "ಬಾಯಿ ಯಾರ್ದು ಬೇಕಾದ್ರೂ ಆಡ್ತದೆ ಮೇಷ್ಟ್ರೇ. ಹೆಗಲು ಒಬ್ಬಂದೇ."

"ಇವರಿಗೆ ಹೇಳ್ಬಾರ್ದಿತ್ತಾ?"

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಕೋಪವೇನೂ ಇರಲಿಲ್ಲ. "ದಾರ ಕಟ್ಟಿದ್ರು, ಗಡಿಯಾರ ಹಿಡಿದ್ರು. ಯಾರು ಕೇಳಿದ್ರು ಸಾಬ್?"

ಸುತ್ತು ಅವತ್ತೇ ಮತ್ತೆ ಶುರುವಾಯಿತು. ಮೇಷ್ಟ್ರ ಆಟದಲ್ಲೂ ಒಂದು ಬದಲಾವಣೆ ಬಂತು. ದಾರ ಕಟ್ಟುವ ಮೊದಲು, ಕಟ್ಟಿಸಿಕೊಳ್ಳುವವನು ತನ್ನ ಪ್ರತಿ ಹೆಜ್ಜೆ ಯಾಕೆ ಎಂದು ಬಾಯಲ್ಲಿ ಹೇಳಬೇಕು, ಕಟ್ಟುವವನು ಕೈಕಟ್ಟಿ ಕೇಳಬೇಕು. ಆಟ ಉದ್ದವಾಯಿತು. ಕೆಲವರು ಆಕಳಿಸಿದರು. ಅವರು ಬಿಡಲಿಲ್ಲ.

ಒಂದೆರಡು ತಿಂಗಳಾದ ಮೇಲೆ ಅಜ್ಜಂಪುರದ ತರಗತಿಗೆ ನನ್ನನ್ನೂ ಕರೆದುಕೊಂಡು ಹೋದರು. ಕಡಲೆಕಾಯಿ ಮೂಟೆಗಳ ಒಂದು ಮಳಿಗೆ. ದಾರದ ಉಂಡೆ ಕೈಯಲ್ಲಿ ಹಿಡಿದು ಮೇಷ್ಟ್ರು ಹೇಳಿದರು. "ಒಂದು ಮಿಲ್ಲಲ್ಲಿ ಒಬ್ರು ಹಿರೀಕರ ಸುತ್ತನ್ನ ನಾನು ನಿಲ್ಲಿಸ್ದೆ. ಅವರನ್ನ ಕೇಳ್ದೇ ನಿಲ್ಲಿಸ್ದೆ. ಅದು ನನ್ ತಪ್ಪು." ಉಳಿದದ್ದೆಲ್ಲ ನಡೆದ ಹಾಗೇ ಹೇಳಿದರು. ಮುಂದಿನ ಸಾಲಿನವನೊಬ್ಬ ಲೊಚಗುಟ್ಟಿದ. ನಾನು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿದ್ದೆ. ತರೀಕೆರೆಯಲ್ಲೂ ಹೀಗೇ ಹೇಳಿದ್ದಾರೆ ಎಂದು ಆಮೇಲೆ ತಿಳಿಯಿತು.

ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯುವಾಗ ಬಾಯಿಬಿಟ್ಟೆ. "ಸಾರ್, ಅದು ನೀವು ಮಾಡಿದ್ದಲ್ಲ..."

"ನಾಳೆ ಸ್ಟಾರ್ಟರ್ ಹಾಕೋರು ಯಾರಪ್ಪಾ?"

"ನಾನೇ ಸಾರ್."

"ಹಂಗಾದ್ರೆ ಸರಿ" ಎಂದು ಚೀಲದಿಂದ ಒಂದು ಎಲೆ ತೆಗೆದು ನನಗೆ ಕೊಟ್ಟರು. ಸುಣ್ಣ ಹಚ್ಚಿರಲಿಲ್ಲ. ನಾನು ಹೇಳಿದ್ದಕ್ಕೂ ಅವರು ಕೇಳಿದ್ದಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ತಿಳಿಯದೇ ಇದ್ದದ್ದು ನನಗೆ ಅನುಕೂಲವೂ ಆಗಿತ್ತು.

ಅದಾಗಿ ಏಳೆಂಟು ವರ್ಷ. ಮನೆಯಲ್ಲಿ ಮಿಕ್ಸಿ ಹಾಕುವ ಮೊದಲು ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇನೆ. "ಏನ್ರೀ, ಚಟ್ನಿ ರುಬ್ಬೋದನ್ನೂ ನೋಡ್ಬೇಕಾ?" ಎಂದು ಹೆಂಡತಿ ನಗುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರು "ರೈಟ್" ಎಂದಾಗ ಹಿಂದೆ ತಿರುಗಿ ನೋಡುತ್ತೇನೆ. ಮಿಲ್ಲಿನಲ್ಲಿ ಚಾಚಾರಿಗೆ ಕಣ್ಣು ಮಂದವಾಗಿ ಅವರು ಕೆಲಸ ಬಿಟ್ಟ ಮೇಲೆ ಸುತ್ತು ಬರುವವನು ರುದ್ರಪ್ಪ. ಅವನೇ ಕೇಳಿ ಪಡೆದ ಕೆಲಸ. "ದೇಖಾ" ಎನ್ನುವುದಿಲ್ಲ, "ಕಂಡೆ" ಎನ್ನುತ್ತಾನೆ. ಮುಟ್ಟುವುದು ಎಡಗೈಯಿಂದಲೇ.

ಸಂತಾಪ ಸಭೆಯ ಮಾರನೆಯ ದಿನ ಕರೆಂಟು ಹೋದಾಗ ಅವನು ಕೋಣೆಯ ಹೊಸ್ತಿಲ ಮೇಲೆ ಬಂದು ಕೂತ.

"ಸಭೇಲಿ ಏನಂದ್ರು ಸಾರ್?"

ಹೇಳಿದೆ. ಗಿರಣಿಯವರು ಹೇಳಿದ್ದನ್ನೂ ಹೇಳಿದೆ. "ನಾನು ಎದ್ದು ಹೇಳ್ಬೇಕಿತ್ತು ಕಣೋ. ಆಗ್ಲಿಲ್ಲ."

"ನಂಗೊತ್ತು ಬಿಡಿ. ಆಸ್ಪತ್ರೇಲೇ ಮೇಷ್ಟ್ರು ನಂಗೆ ಅಂದಿದ್ರು."

"ಏನಂತ?"

"'ನಿಮ್ ಸೂಪರ್‌ವೈಸರ್ ಮತ್ತೆ ಆ ಹಿಡಿ ಮುಟ್ಬೇಕಲ್ಲ ರುದ್ರಪ್ಪ. ನಡುಗೋ ಕೈಲಿ ಮುಟ್ಟಿದ್ರೆ ಇನ್ನೊಬ್ಬಂದು ಹೋಗ್ತದೆ. ಅವರ ಕೈ ನಿಲ್ಲೋಗಂಟ ಈ ತಪ್ಪು ನನ್ ಹತ್ರ ಇರ್ಲಿ' ಅಂದ್ರು." ಅವನು ಹೊಸ್ತಿಲ ಮೇಲಿನ ನಾರಿನ ಎಳೆಯೊಂದನ್ನು ಕಿತ್ತು ಎಸೆದ. "ಈಗ ಅವರಿಲ್ಲ. ನಿಮ್ ಕೈ ನಿಂತು ಎಷ್ಟೋ ವರ್ಷ ಆಯ್ತು. ಇನ್ನು ನೀವೇ ಇಟ್ಕಳಿ ಸಾರ್."

ಅಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಡಲು ಆಗಲಿಲ್ಲ. "ಅವತ್ತು ಕೂಗಿದ್ದು ನೀನಲ್ಲ ಅಂತ ನಂಗೆ ಗೊತ್ತಾಗಿತ್ತು ರುದ್ರಪ್ಪ. ಮಂಜಣ್ಣನ ದನಿ ಅಂತ ಗೊತ್ತಾಗೇ ನಕ್ಕೆ. ನಕ್ಕೊಂಡೇ ಹಿಡಿ ಒತ್ತಿದೆ."

ಅವನು ನನ್ನ ಕಡೆ ನೋಡಲಿಲ್ಲ. ತಲೆಯ ಮೇಲಿನ ಬಲ್ಬು ಹತ್ತಿಕೊಂಡಿತು. ಅವನು ಎದ್ದು ಸುತ್ತು ಹೊರಟ.

ನಾನು ಸ್ಟಾರ್ಟರಿನ ಪಕ್ಕ ನಿಂತು ಕೇಳುತ್ತಿದ್ದೆ. "ಕಂಡೆ." ಡ್ರಮ್ಮಿನ ಹತ್ತಿರ, "ಕಂಡೆ." ಅಂಗಳದಿಂದ, "ಕಂಡೆ." ಕೊನೆಗೆ ಹೆಜ್ಜೆ ಕೋಣೆಯ ಕಡೆಗೆ ಬಂದು ಹೊಸ್ತಿಲಲ್ಲಿ ನಿಂತಿತು. ಸ್ವಲ್ಪ ಹೊತ್ತು ನಿಂತೇ ಇತ್ತು. ಹೊರಗೆ ಎಲ್ಲರೂ ಕಾಯುತ್ತಿದ್ದರು.

ಆಮೇಲೆ ಹೆಗಲ ಮೇಲೆ ಕೈ ಬಿತ್ತು. ಅಂಗಿಯ ಮೇಲಿನಿಂದಲೇ ಅದರ ಮೂರೂ ಬೆರಳು ಎಣಿಸಬಹುದಿತ್ತು.

"ಕಂಡೆ" ಎಂದ. ದಿನಾ "ಕಂಡೆ ಸಾರ್" ಎನ್ನುತ್ತಿದ್ದ.

ನಾನು ಹಿಡಿ ಒತ್ತಿದೆ.